ಲಾಡ್ಜಿನ ನೀರಿಗಿಂತ ತಣ್ಣಗೆ

ಸುಬ್ರಹ್ಮಣ್ಯ
5 ಫೆಬ್ರವರಿ 2025, ಬುಧವಾರ

ಚಿರಂಜೀವಿ ತೃಷಾಳಿಗೆ,

ಅಮ್ಮನ ಆಶೀರ್ವಾದ ಎಂದಿನಷ್ಟೇ ಇದೆ, ಅದನ್ನು ಮೊದಲು ತೆಗೆದುಕೋ. ‘ಪ್ರೀತಿಯ’ ಎಂದು ಬರೆಯಲು ಹೊರಟವಳು ಎರಡು ಸಲ ಪೆನ್ನು ಎತ್ತಿಟ್ಟೆ. ಅದು ಇಲ್ಲವೆಂದಲ್ಲ. ಈ ವಾರ ಅದನ್ನು ಬರೆದು ತೋರಿಸುವ ಮನಸ್ಸಿಲ್ಲ, ಅಷ್ಟೆ.

ಕೈಯಲ್ಲಿ ಫೋನ್ ಇರುವಾಗ ಅಮ್ಮ ಪುತ್ತೂರಿಗೆ ಕಾಗದ ಬರೆಯುತ್ತಾಳಲ್ಲ ಎಂದು ನಿನಗೆ ನಗು ಬರಬಹುದು. ನಗು. ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ನಿನಗೆ ಸ್ವರ ಕಳಿಸಿ ನನಗೆ ಸಾಕಾಯಿತು. ಕಾಗದವನ್ನು ಕತ್ತರಿಸಿ ಬೊಂಬೆಯ ಬಾಯಿಗೆ ಅಂಟಿಸಲು ಬರುವುದಿಲ್ಲವಲ್ಲ. ಲಾಡ್ಜಿನ ಬಟ್ಟೆ ಕೋಣೆಯಲ್ಲಿ, ಒಗೆದು ಬಂದ ಬೆಡ್‌ಶೀಟುಗಳ ಕಟ್ಟಿನ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮಧ್ಯಾಹ್ನ ಎರಡರಿಂದ ಮೂರೂವರೆ ನನಗೆ ಬಿಡುವು. ಹೋದ ವಾರದವರೆಗೆ ಇದು ನಮ್ಮ ಪಾಠದ ಹೊತ್ತಾಗಿತ್ತು.

ಆ ಪಾಠ ಹೇಗೆ ಶುರುವಾಯಿತು ಎಂಬುದನ್ನು ಒಮ್ಮೆ ನೆನಪಿಸುತ್ತೇನೆ, ಯಾಕೆಂದರೆ ಈಗ ಅದು ನಿನ್ನ ವೀಡಿಯೊ ಪೇಜಿನ ತಮಾಷೆ ಮಾತ್ರ ಆಗಿ ಉಳಿದಿದೆ. ದೀಪಾವಳಿ ಕಳೆದ ಮೇಲೆ ನಮ್ಮ ಕೌಂಟರಿನಲ್ಲಿ ಕೂರುತ್ತಿದ್ದವರು ಕೆಲಸ ಬಿಟ್ಟರು. ಮ್ಯಾನೇಜರ್ ಸಂಕಪ್ಪಣ್ಣ ನನ್ನನ್ನು ಕರೆದು, ‘ದಮಯಂತಿಯಕ್ಕ, ನಿಮಗೆ ಲಾಡ್ಜಿನ ಮೂಲೆಮೂಲೆ ಗೊತ್ತುಂಟು. ಸ್ವಲ್ಪ ಇಂಗ್ಲಿಷ್ ಒಂದು ಬರ್ತಿದ್ರೆ ನಿಮ್ಮನ್ನೇ ಕೂರಿಸ್ಬಹುದಿತ್ತು’ ಅಂದರು. ಹನ್ನೊಂದು ವರ್ಷ ನಾನು ಇಲ್ಲಿ ಹಾಸಿಗೆ ಕೊಡವಿದ್ದೇನೆ, ಬಾತ್‌ರೂಮ್ ತಿಕ್ಕಿದ್ದೇನೆ, ಜನ ಮರೆತು ಹೋದ ಕನ್ನಡಕ, ಚಾರ್ಜರು, ಒಮ್ಮೆ ಹಲ್ಲಿನ ಸೆಟ್ಟು ಕೂಡ ಹೆಕ್ಕಿ ಕೊಟ್ಟಿದ್ದೇನೆ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಹೇಗಿರುತ್ತದೆ ಎಂದು ನೋಡುವ ಆಸೆ ನನಗಿತ್ತು. ಅದನ್ನು ನಿನ್ನೊಬ್ಬಳಿಗೆ ಹೇಳಿದೆ. ಪುತ್ತೂರಿನ ಕೋಚಿಂಗ್ ಸೆಂಟರಿನಲ್ಲಿ ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸುವ ಮಗಳಿರುವಾಗ ನನಗೆ ಎಂತ ಚಿಂತೆ ಎಂದು ಎಣಿಸಿದೆ.

ಕೌಂಟರಿನಲ್ಲಿ ಜನ ಏನು ಕೇಳುತ್ತಾರೆ ಎಂದು ನೀನು ವಿಚಾರಿಸಿದೆ. ಸರ್ಪಸಂಸ್ಕಾರಕ್ಕೆ ಬರುವವರು ಎರಡು ದಿನ ನಿಲ್ಲಬೇಕಲ್ಲ, ಹಾಗಾಗಿ ಹೈದರಾಬಾದಿನವರಾಗಲಿ ಮುಂಬಯಿಯವರಾಗಲಿ ಎರಡು ಕೋಣೆ ನೋಡದೆ ಒಂದು ಹಿಡಿಯುವುದಿಲ್ಲ, ಯಾವುದು ದೊಡ್ಡದು, ಯಾವುದು ಸದ್ದಿಲ್ಲದ್ದು, ಹಿಂದಿನ ಬ್ಲಾಕಿನಲ್ಲೂ ನೀರು ಅಷ್ಟೇ ಬಿಸಿ ಇರುತ್ತದಾ ಎಂದು ಕೇಳುತ್ತಾರೆ ಎಂದೆ. ‘ಹಾಗಾದ್ರೆ ಹೋಲಿಕೆಯಿಂದಲೇ ಶುರು ಮಾಡುವ ಅಮ್ಮ’ ಅಂದೆ ನೀನು. ಆ ಬುದ್ಧಿಯನ್ನು ನಾನು ಈಗಲೂ ಮೆಚ್ಚುತ್ತೇನೆ. ನೀನು ಒಳ್ಳೆಯ ಟೀಚರು. ಅದರಲ್ಲಿ ನನಗೆ ಸಂಶಯವಿಲ್ಲ.

ನೀನು ಕಲಿಸಿದ್ದು ಒಂದೂ ಮರೆತಿಲ್ಲ. ಎರಡನ್ನು ಹೋಲಿಸುವಾಗ ನಡುವೆ ‘ದ್ಯಾನ್’ ಬರಬೇಕು. ‘ಸೇಮ್’ ಬಂದರೆ ಹಿಂದೆಯೇ ‘ಆ್ಯಸ್’ ಬರಬೇಕು. ‘ಚೀಪರ್’ ಎಂದ ಮೇಲೆ ಅದಕ್ಕೆ ಇನ್ನೊಂದು ‘ಮೋರ್’ ಬೇಡ, ಒಂದೇ ತಲೆಗೆ ಎರಡು ಕೊಡೆ ಹಿಡಿದ ಹಾಗಾಗುತ್ತದೆ ಎಂದಿದ್ದೆ. ‘ದಿಸ್ ರೂಮ್ ಈಸ್ ಬಿಗ್ಗರ್ ದ್ಯಾನ್ ದ್ಯಾಟ್ ರೂಮ್’ ಎಂದು ಬಕೆಟ್ ಹಿಡಿದುಕೊಂಡು ಕಾರಿಡಾರಿನುದ್ದಕ್ಕೂ ಹೇಳುತ್ತಾ ಹೋಗುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವ ದುಗ್ಗಮ್ಮ ನನಗೇನೋ ಗಾಳಿ ಸೋಂಕಿದೆ ಎಂದು ಎಣಿಸಿದ್ದಳು. ‘ಬ್ಯಾಕ್ ರೂಮ್ ಈಸ್ ನಾಟ್ ಆ್ಯಸ್ ಕ್ಲೀನ್ ಆ್ಯಸ್ ಫ್ರಂಟ್ ರೂಮ್’ ಎಂದು ಕಳಿಸಿದಾಗ, ವಾಕ್ಯ ಸರಿ ಉಂಟು, ಆದರೆ ಗೆಸ್ಟಿನ ಹತ್ತಿರ ಹೇಳ್ಬೇಡ ಎಂದೆಯಲ್ಲ, ಆ ದಿನ ನಾನೂ ನೀನೂ ನಕ್ಕದ್ದು ನಕ್ಕದ್ದೇ.

ಆಮೇಲೆ ಕೋಣೆಗಳು ಮುಗಿದವು. ನಿಜವಾದ ವಿಷಯ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆ, ಮನೆಯವರ ಬಗ್ಗೆ ಹೇಳು, ನಿನ್ನ ಬಗ್ಗೆ ಹೇಳು ಎಂದೆ. ನಾನು ಹೇಳಿದೆ. ಯಾಕೆ ಹೇಳಿದೆ ಗೊತ್ತುಂಟಾ? ನಮಗೆ ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ನಮ್ಮೂರು ಕೊಲ್ಲಮೊಗ್ರಿನ ಅರ್ಧ ಜನರೊಡನೆ ಅರೆಭಾಷೆ. ಈ ಮೂರರಲ್ಲಿ ಯಾವುದರಲ್ಲಿ ಬಾಯಿ ಬಿಟ್ಟರೂ ಸಂಜೆಯ ಬಸ್ಸು ಬರುವುದರೊಳಗೆ ಮಾತು ಮನೆ ಮುಟ್ಟಿರುತ್ತದೆ. ಇಂಗ್ಲಿಷ್ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಬಾರದು. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನನಗೆ ಒಂದು ಸ್ವಂತ ಕೋಣೆ ಸಿಕ್ಕಿದ ಹಾಗಿತ್ತು. ಕೀಲಿಕೈ ನಿನ್ನೊಬ್ಬಳ ಹತ್ತಿರ.

ಆ ಕೋಣೆಯಲ್ಲಿ ಕೂತು ನನ್ನ ಮದುವೆ ಹಿಂದಿನ ಬ್ಲಾಕಿನ ಕೋಣೆಗಿಂತ ಚಿಕ್ಕದು ಎಂದೆ. ಮದುವೆಯನ್ನು ಮದುವೆಯ ಜೊತೆಗೇ ಹೋಲಿಸಬೇಕು ಅಮ್ಮ, ಕೋಣೆಯ ಜೊತೆ ಅಲ್ಲ ಎಂದು ನೀನು ತಿದ್ದಿದೆ. ಸರಿ, ನನ್ನ ಮದುವೆ ಅತ್ತಿಗೆಯ ಮದುವೆಗಿಂತ ಚಿಕ್ಕದು ಎಂದೆ. ಮದುವೆಯಾಗಿ ಎಂಟೇ ವರ್ಷಕ್ಕೆ ನಿನ್ನ ಅಪ್ಪ ತೀರಿಕೊಂಡರಲ್ಲ, ಅದನ್ನು ನಾನು ಕನ್ನಡದಲ್ಲಿ ಯಾರೊಡನೆಯೂ ಹಾಗೆ ಹೇಳಿದವಳಲ್ಲ. ನನ್ನ ಕೈ ನನ್ನ ಮುಖಕ್ಕಿಂತ ಹಳೆಯದು ಎಂದೆ. ಅದೂ ನಿಜವೇ, ಬಾತ್‌ರೂಮಿನ ಆ್ಯಸಿಡ್ಡಿನಲ್ಲಿ ಹನ್ನೊಂದು ವರ್ಷ ಅದ್ದಿದ ಕೈ. ನನ್ನ ಹತ್ತಿರ ಇದ್ದ ಶಬ್ದಗಳೇ ಅಷ್ಟು. ದೊಡ್ಡದು, ಚಿಕ್ಕದು, ಹೊಸದು, ಹಳೆಯದು, ಬಿಸಿ, ತಣ್ಣಗೆ, ಮುಂದಿನದು, ಹಿಂದಿನದು. ಬದುಕಿನ ಕಥೆಯನ್ನೆಲ್ಲ ಲಾಡ್ಜಿನ ಶಬ್ದಗಳಲ್ಲೇ ಹೇಳಬೇಕಾಯಿತು.

ಈಗ ಕಳೆದ ಗುರುವಾರದ ಸಂಗತಿ. ಫೋನಿನಲ್ಲಿ ನೀನು ಕೇಳಿದಾಗ ಹೇಳಲಿಲ್ಲ. ಹೇಳಿದರೆ ಅಳು ಬರುತ್ತಿತ್ತು, ಅದನ್ನೂ ನೀನು ಎಲ್ಲಿಗಾದರೂ ಹಾಕಿಬಿಟ್ಟರೆ ಎಂಬ ಹೆದರಿಕೆ. ಮಗಳ ಬಗ್ಗೆ ಹೀಗೆ ಹೆದರುವ ಕಾಲ ಬರುತ್ತದೆಂದು ಎಣಿಸಿರಲಿಲ್ಲ.

ಸಂಜೆ ಬಸ್ಸಿಳಿದು ಮನೆಗೆ ಬರುವಾಗ ಅತ್ತಿಗೆ ಜಗಲಿಯಲ್ಲಿ ಕೂತಿದ್ದರು. ಆ ಹೊತ್ತಿಗೆ ಅವರು ಜಗಲಿಯಲ್ಲಿ ಕೂರುವವರಲ್ಲ. ನಿನಗೆ ಗೊತ್ತಲ್ಲ, ಬಚ್ಚಲಿನ ಒಲೆಯ ಮುಂದೆ ಇರುತ್ತಾರೆ. ಕೈಯಲ್ಲಿ ಫೋನಿತ್ತು. ‘ಸುಳ್ಯದಿಂದ ಪ್ರೀತಿಕಾ ಕಳಿಸಿದ್ದು’ ಎಂದು ನನ್ನ ಮುಂದೆ ಹಿಡಿದರು. ಅವರ ತಂಗಿಯ ಮಗಳು ನಿನ್ನ ಪೇಜು ನೋಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ‘ಅಮ್ಮನ ಇಂಗ್ಲಿಷ್’ ಎಂದು ದೊಡ್ಡ ಅಕ್ಷರ. ದಪ್ಪ ತುರುಬಿನ ಒಂದು ಬೊಂಬೆ ಹೆಂಗಸು, ಕೈಯಲ್ಲಿ ಬಕೆಟ್ಟು. ಅವಳ ಬಾಯಿಯಿಂದ ನನ್ನ ಸ್ವರ ಬರುತ್ತಿತ್ತು. ಮದುವೆಯ ವಾಕ್ಯ ಬಂತು, ಕೈಯ ವಾಕ್ಯ ಬಂತು, ಪ್ರತಿಯೊಂದರ ಹಿಂದೆ ಜನ ನಗುವ ಸದ್ದು. ನಾನು ಯಾವಾಗಲೋ ತಿದ್ದಿಕೊಂಡ ‘ಮೋರ್ ಚೀಪರ್’ ಎಂಬ ಹಳೇ ತಪ್ಪನ್ನು ಕೂಡ ಹುಡುಕಿ ಮೂರು ಸಲ ತಿರುಗಿಸಿದ್ದೀ.

ಅಷ್ಟೇ ಆಗಿದ್ದರೆ ಅತ್ತಿಗೆಗೆ ಏನೂ ಅರ್ಥವಾಗುತ್ತಿರಲಿಲ್ಲ. ನನ್ನ ಸ್ವರ ಕೇಳಿ ಇವಳು ಇಂಗ್ಲಿಷ್ ಕಲಿತಳಲ್ಲ ಎಂದು ಖುಷಿಯೇ ಪಡುತ್ತಿದ್ದರು. ನೀನು ಪ್ರತಿ ವಾಕ್ಯದ ಕೆಳಗೆ ಹಳದಿ ಅಕ್ಷರದಲ್ಲಿ ಕನ್ನಡ ಅರ್ಥ ಬರೆದಿದ್ದೆ. ಕೊನೆಗೆ ಬಂದ ವಾಕ್ಯದ ಕೆಳಗೂ ಬರೆದಿದ್ದೆ. ‘ನನ್ನ ಅತ್ತಿಗೆ ಕೊಡುವ ನೀರು ಲಾಡ್ಜಿನ ನೀರಿಗಿಂತ ತಣ್ಣಗೆ.’ ಅದರ ಹಿಂದೆ ಬೊಂಬೆ ಗಡಗಡ ನಡುಗುತ್ತದೆ, ಎಲ್ಲರೂ ನಗುತ್ತಾರೆ.

ನನಗೆ ಆ ಕ್ಷಣ ಬಾಯಿಗೆ ಬಂದದ್ದು ಒಂದು ಸುಳ್ಳು. ಇದು ನನ್ನ ಸ್ವರ ಅಲ್ಲ ಅತ್ತಿಗೆ, ಈಗ ಯಂತ್ರದಲ್ಲೇ ಯಾರ ಸ್ವರ ಬೇಕಾದರೂ ಮಾಡುತ್ತಾರಂತೆ ಎಂದೆ. ಅವರು ಸಿಟ್ಟು ಮಾಡಲಿಲ್ಲ. ‘ಹದಿನೇಳು ವರ್ಷ ಕೇಳಿದ ಸ್ವರ ನನಗೆ ಗೊತ್ತಾಗುದಿಲ್ವಾ ದಮಯಂತಿ’ ಅಂದರು. ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಕೊನೆ. ಆಮೇಲೆ ಎದ್ದು ನಿಂತು, ‘ಮನೆ ನಿಮ್ಮದು. ನಾನು ಹೊರಗಿಂದ ಬಂದವಳು. ನೀರು ಸರಿ ಇಲ್ಲದಿದ್ರೆ ನನ್ನತ್ರ ಹೇಳ್ಬಹುದಿತ್ತು’ ಎಂದು ಒಳಗೆ ಹೋದರು.

ಆ ಮಾತಿನ ಪೆಟ್ಟು ನಿನಗೆ ತಾಗುತ್ತದಾ ಗೊತ್ತಿಲ್ಲ. ನಮ್ಮ ಅಳಿಯಕಟ್ಟಿನಲ್ಲಿ ತರವಾಡು ಮನೆ, ಹಿರಿಯರಿಂದ ಬಂದ ಮನೆ, ಹೆಣ್ಣುಮಕ್ಕಳದು; ಮದುವೆಯಾಗಿ ಬಂದವರಿಗೆ ಅದರಲ್ಲಿ ಹಕ್ಕಿಲ್ಲ. ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ನಾನು ವಾಪಸು ಬಂದಾಗ ಕೊಲ್ಲಮೊಗ್ರಿನವರೆಲ್ಲ ಅತ್ತಿಗೆಯ ಮುಖ ನೋಡಿದರು, ಇನ್ನು ಇವರಿಬ್ಬರ ಜಗಳ ಶುರು ಎಂದು ಕಾದು ಕೂತರು. ಅತ್ತಿಗೆ ವಾರಿಜಕ್ಕ ಆ ದಿನ ನೇರ ಬಚ್ಚಲಿಗೆ ಹೋಗಿ ಹಂಡೆಗೆ ನೀರು ತುಂಬಿಸಿ ಒಲೆ ಹಚ್ಚಿದರು. ಹಕ್ಕಿನ ಮಾತೇ ಮನೆಯಲ್ಲಿ ಏಳದ ಹಾಗೆ ಮಾಡಿದ್ದು ಅವರು. ಹದಿನೇಳು ವರ್ಷ ಅವರು ಬಾಯಿಗೆ ತಾರದ ಮಾತನ್ನು ನಿನ್ನ ಹಳದಿ ಅಕ್ಷರ ಹೇಳಿಸಿತು.

ನಿನ್ನ ಮಾವನ ಹತ್ತಿರ ಹೇಳಿದೆ. ದೇವದಾಸಣ್ಣ ಎಂದಿನ ಹಾಗೆ, ‘ನಿನ್ನನ್ನು ಈ ಮನೆಯಿಂದ ಹೋಗು ಅನ್ಲಿಕ್ಕೆ ಯಾರಿಗೂ ಅಧಿಕಾರ ಇಲ್ಲ, ಎಂತಕ್ಕೆ ಹೆದರುದು’ ಅಂದ. ನನಗೆ ಬೇಕಾದದ್ದು ಅಧಿಕಾರ ಅಲ್ಲ ಎಂದು ಅವನಿಗೆ ಹೇಗೆ ಹೇಳುವುದು? ಬೇಕಾದದ್ದಕ್ಕೆ ಶಬ್ದ ನನಗೆ ತುಳುವಿನಲ್ಲೂ ಸಿಗಲಿಲ್ಲ.

ಒಂದು ಸಂಗತಿ ಕೇಳು. ನೀರು ಈಗಲೂ ಕಾಯುತ್ತದೆ. ನಾನು ಬಸ್ಸಿಳಿದು ಅಂಗಳಕ್ಕೆ ಬರುವಾಗ ಅತ್ತಿಗೆ ಮೊದಲು ಕೂಗುತ್ತಿದ್ದ ಕೂಗು ನಿನಗೆ ನೆನಪಿರಬಹುದು, ‘ನೀರ್ ಬೆಚ್ಚ ಆಂಡ್, ಬಲ’. ನೀರು ಬಿಸಿಯಾಯಿತು, ಬಾ ಎಂದು. ನೀನು ಶಾಲೆಯಿಂದ ಬರುವಾಗಲೂ ಅದೇ ಕೂಗು ಇತ್ತು. ಈಗ ಬಚ್ಚಲಿನ ಬಾಗಿಲಲ್ಲಿ ನಿಂತು ‘ಬಲೆ’ ಎನ್ನುತ್ತಾರೆ. ಬಾ ಎಂಬುದು ಬನ್ನಿ ಆಗಿದೆ. ‘ಮುಟ್ಟಿ ನೋಡಿ, ಇಷ್ಟು ಸಾಕಾ’ ಎಂದು ಕೇಳುತ್ತಾರೆ, ನಾನು ಸಾಕು ಎಂದ ಮೇಲೆಯೇ ಹೋಗುತ್ತಾರೆ. ಲಾಡ್ಜಿನಲ್ಲಿ ನಾವು ಗೆಸ್ಟುಗಳೊಡನೆ ಮಾತಾಡುವುದು ಹೀಗೇ. ಹುಟ್ಟಿದ ಮನೆಯಲ್ಲಿ ಆರು ದಿನದಿಂದ ನಾನು ಗೆಸ್ಟು.

ಶುಕ್ರವಾರ ನೀನು ಫೋನಿನಲ್ಲಿ ಹೇಳಿದ್ದು ನನಗೆ ಬಾಯಿಪಾಠ ಆಗಿದೆ. ‘ಹೆಸರು ಹಾಕ್ಲಿಲ್ಲ, ಮುಖ ತೋರಿಸ್ಲಿಲ್ಲ, ಎಂತ ಆಯ್ತು ಅಮ್ಮ? ಜನ ನಿನ್ನನ್ನು ಇಷ್ಟ ಪಟ್ಟಿದ್ದಾರೆ. ಅದು ನೋಡಿ ಸೆಂಟರಿಗೆ ಎಷ್ಟು ಜನ ಹೆಂಗಸರು ಸೇರಿದ್ರು ಗೊತ್ತುಂಟಾ?’ ಸಂಜೆಗೆ ‘ತೆಗೆದಿದ್ದೇನೆ’ ಎಂದು ಒಂದು ಶಬ್ದದ ಮೆಸೇಜು ಹಾಕಿದೆ. ನೀನು ತೆಗೆದರೆ ಏನಾಯಿತು, ಸುಳ್ಯದಲ್ಲಿ ಉಂಟು, ಕಡಬದಲ್ಲಿ ಉಂಟು, ನಿನ್ನೆ ಕೊಲ್ಲಮೊಗ್ರು ಬಸ್ಸಿನ ಕಂಡಕ್ಟರ್ ನನ್ನನ್ನು ನೋಡಿ ‘ದ್ಯಾನ್, ದ್ಯಾನ್’ ಎಂದು ಹಲ್ಲು ಕಿರಿದ.

ನನ್ನನ್ನು ನಗೆಪಾಟಲು ಮಾಡಿದ್ದನ್ನು ನಾನು ನುಂಗಿಕೊಳ್ಳುತ್ತೇನೆ. ನುಂಗಲು ಆಗದ್ದು ಬೇರೆ. ತೃಷಾ, ಆ ಹಂಡೆಯ ನೀರಿನಲ್ಲಿ ಹನ್ನೆರಡು ವರ್ಷ ಮಿಂದವಳು ನೀನು. ಪರೀಕ್ಷೆಯ ದಿನಗಳಲ್ಲಿ ಬೆಳಿಗ್ಗೆ ಐದಕ್ಕೇ ನಿನಗೆ ನೀರು ಕಾಯಿಸಿ, ತಲೆಗೆ ಎಣ್ಣೆ ಹಾಕಿ ಜಡೆ ಹೆಣೆದವರು ಅವರು. ನಾನು ಹೇಳಿದ್ದು ಸುಳ್ಳೆಂದು ಕೇಳಿದ ಕೂಡಲೇ ನಿನಗೆ ಗೊತ್ತಾಗಿದೆ. ಇಡೀ ಲೋಕದಲ್ಲಿ ಅದು ಸುಳ್ಳೆಂದು ಗೊತ್ತಿದ್ದವರು ನಾವಿಬ್ಬರೇ. ಗೊತ್ತಿದ್ದೂ ಅರ್ಥ ಬರೆದು ಹಾಕಿದೆ. ಇದಕ್ಕೆ ದ್ರೋಹ ಎನ್ನದೆ ಬೇರೆ ಏನೆನ್ನಲಿ? ನನಗೆ ಮಾಡಿದ್ದು ಒಂದು, ಅವರಿಗೆ ಮಾಡಿದ್ದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದು ಎಂದು ನೀನೇ ಹೋಲಿಸಿ ನೋಡು.

ಹಾಗಾದರೆ ನೀನು ಯಾಕೆ ಸುಳ್ಳು ಹೇಳಿದೆ ಅಮ್ಮ ಎಂದು ಕೇಳುತ್ತೀ. ಕೇಳಬೇಕಾದದ್ದೇ. ಅತ್ತಿಗೆಯ ನೀರು ಲಾಡ್ಜಿನ ನೀರಿಗಿಂತ ಬಿಸಿ ಎಂದು ಹಿಂದಿನ ದಿನ ನಾನು ಕಳಿಸಿದ್ದೆ. ಅದಕ್ಕೆ ನೀನು, ‘ಸರಿ ಉಂಟು, ಆದರೆ ಬೋರ್ ಅಮ್ಮ, ಸ್ವಲ್ಪ ಖಾರ ಹಾಕು’ ಎಂದೆ. ಮದುವೆಯ ವಾಕ್ಯಕ್ಕೆ ನೀನು ಎಷ್ಟು ನಕ್ಕಿದ್ದೆ. ನೀನು ಪುತ್ತೂರಿಗೆ ಹೋದ ಮೇಲೆ ಐದು ವರ್ಷದಲ್ಲಿ ನನ್ನ ಮಾತಿಗೆ ಹಾಗೆ ನಕ್ಕದ್ದು ಆ ಪಾಠಗಳಲ್ಲಿ ಮಾತ್ರ. ನನಗೆ ಆ ನಗು ಇನ್ನೊಮ್ಮೆ ಬೇಕಿತ್ತು. ಬಿಸಿ ತೆಗೆದು ತಣ್ಣಗೆ ಇಟ್ಟೆ, ಒಂದೇ ಶಬ್ದ ಬದಲಾಯಿಸಿದ್ದು. ನೀನು ನಕ್ಕೆ. ಮಗಳ ಒಂದು ನಗುವಿಗಾಗಿ ನಾನು ಅತ್ತಿಗೆಯನ್ನು ಬಿಟ್ಟುಕೊಟ್ಟೆ. ಆದರೆ ನಾನು ಬಾಗಿಲು ಮುಚ್ಚಿಕೊಂಡು ಬಿಟ್ಟುಕೊಟ್ಟೆ, ನೀನು ಬೀದಿಗೆ ತಂದೆ.

ನೀರನ್ನು ನೀರಿನ ಜೊತೆಗೇ ಹೋಲಿಸಿದ್ದೇನೆ, ಹೋಲಿಕೆ ಸರಿ ಎಂದೂ ನೀನು ಹೊಗಳಿದ್ದೆ. ಅದೂ ಸರಿಯಲ್ಲ ಎಂದು ನನಗೆ ಈಗ ಅನಿಸುತ್ತದೆ. ಲಾಡ್ಜಿನ ನೀರನ್ನು ಸ್ವಿಚ್ಚು ಕಾಯಿಸುತ್ತದೆ. ಮನೆಯ ನೀರನ್ನು ಒಬ್ಬರು ಹೊಗೆಗೆ ಕಣ್ಣು ಒರೆಸಿಕೊಂಡು ಕಾಯಿಸುತ್ತಾರೆ.

ಇನ್ನು ನಿನಗೆ ಖುಷಿಯಾಗುವ ಸುದ್ದಿ. ಸಂಕಪ್ಪಣ್ಣನೂ ಅದನ್ನು ನೋಡಿದ್ದಾರೆ. ‘ನಿಮ್ಮ ಇಂಗ್ಲಿಷ್ ಈಗ ಊರಿಗೆಲ್ಲ ಗೊತ್ತುಂಟಲ್ಲ ಮಾರಾಯ್ರೆ, ಇನ್ನೆಂತ ನಾಚಿಕೆ, ಕೂತ್ಕೊಳ್ಳಿ’ ಎಂದು ನಿನ್ನೆ ನನ್ನನ್ನು ಕೌಂಟರಿನಲ್ಲಿ ಕೂರಿಸಿದರು. ಹೈದರಾಬಾದಿನ ಗಂಡ ಹೆಂಡತಿ ಬಂದರು. ಎರಡು ಕೋಣೆಗೆ ಎಂತ ವ್ಯತ್ಯಾಸ ಎಂದು ಕೇಳಿದರು. ಒಂದು ದೊಡ್ಡದು, ಇನ್ನೊಂದು ಅಷ್ಟು ದೊಡ್ಡದಲ್ಲ, ನೀರು ಎರಡರಲ್ಲೂ ಒಂದೇ ಎಂದು ತಪ್ಪಿಲ್ಲದೆ ಹೇಳಿದೆ. ಅವರು ತಲೆಯಾಡಿಸಿ ಕೀ ತೆಗೆದುಕೊಂಡು ಹೋದರು. ಇಂಥದ್ದು ನಡೆದರೆ ಮೊದಲು ನಿನಗೆ ಹೇಳುತ್ತಿದ್ದೆ, ಸಂಜೆ ಅತ್ತಿಗೆಗೆ ಹೇಳುತ್ತಿದ್ದೆ. ನಿನ್ನೆ ಹೇಳಲು ಯಾರೂ ಇರಲಿಲ್ಲ. ದುಗ್ಗಮ್ಮನಿಗೆ ಹೇಳಿದೆ, ಅವಳು ಆಯ್ತು ಎಂದು ಪೊರಕೆ ಹಿಡಿದುಕೊಂಡು ಹೋದಳು.

ಕೌಂಟರಿನವರಿಗೆ ಲಾಡ್ಜಿನ ಹಿಂದೆ ಒಂದು ಕೋಣೆ ಕೊಡುತ್ತಾರೆ. ಬೇಕಿದ್ದರೆ ಅಲ್ಲೇ ಇರಬಹುದು, ದಿನಾ ಕೊಲ್ಲಮೊಗ್ರಿಗೆ ಓಡಾಡುವ ಕೆಲಸ ಇಲ್ಲ. ಬೆಳಿಗ್ಗೆ ಬರುವಾಗ ಬ್ಯಾಗಿಗೆ ನಾಲ್ಕು ಸೀರೆ ಹಾಕಿಕೊಂಡು ಬಂದಿದ್ದೇನೆ. ಅತ್ತಿಗೆ ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ಬ್ಯಾಗನ್ನು ಅಲ್ಲೇ ಇಳಿಸುತ್ತಿದ್ದೆ. ಇವತ್ತು ಸಂಜೆಯ ಬಸ್ಸಿಗೆ ಹೋಗುವುದೋ, ಇಲ್ಲೇ ಉಳಿದುಬಿಡುವುದೋ ಎಂದು ಈ ಸಾಲು ಬರೆಯುವವರೆಗೂ ನನಗೆ ಗೊತ್ತಿಲ್ಲ.

ನಿನ್ನ ಕೋಚಿಂಗಿಗೆ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನನಗೆ ಇನ್ನು ಪಾಠ ಬೇಡ, ಬೇಕಾದಷ್ಟು ಬಂದಿದೆ.

ಇವತ್ತಿಗೂ ನಿನ್ನ ಅಮ್ಮನೇ,
ದಮಯಂತಿ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಒಂದನ್ನು ನಿನ್ನಿಂದಲೂ ಮುಚ್ಚಿಟ್ಟಿದ್ದೆ. ನಾನು ಆ ದಿನ ಕಳಿಸಿದ ನೀರಿನ ವಾಕ್ಯದ ಸ್ವರ ನನ್ನ ಫೋನಿನಲ್ಲಿ ಪೂರ್ತಿ ಉಂಟು. ಗುರುವಾರದಿಂದ ದಿನಾ ಕೇಳುತ್ತಿದ್ದೇನೆ, ಈಗಲೂ ಕೇಳಿದೆ. ಸಂಜೆ ಬಸ್ಸಿಳಿದು ಬಂದು, ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಹೇಳಿದ್ದು ಅದು. ತಣ್ಣಗೆ ಎಂದು ನಾನು ಹೇಳಿ ಮುಗಿಸಿದ ಮೇಲೆ ಬಚ್ಚಲಿನಿಂದ ಅತ್ತಿಗೆ ಕರೆಯುತ್ತಾರೆ. ನೀನು ಅದನ್ನು ಕೇಳಿದ್ದೀ, ಕೇಳಿದ ಮೇಲೆಯೇ ಕತ್ತರಿಸಿದ್ದೀ. ನಾನು ಅದನ್ನು ಅವರಿಗೆ ಕೇಳಿಸಬಹುದಿತ್ತು. ಕೇಳಿಸಿದರೆ, ಅವರು ಕರೆಯುತ್ತಿದ್ದ ಹೊತ್ತಿನಲ್ಲೇ ನಾನು ಹಾಗೆ ಹೇಳುತ್ತಿದ್ದೆ ಎಂದು ಗೊತ್ತಾಗುತ್ತದೆ, ಅದಕ್ಕೆ ಹೆದರಿದೆ. ಇವತ್ತು ಬ್ಯಾಗು ಹಿಡಿದುಕೊಂಡು ಸಂಜೆಯ ಬಸ್ಸಿಗೆ ಮನೆಗೇ ಹೋಗುತ್ತೇನೆ, ಪೂರ್ತಿ ಕೇಳಿಸುತ್ತೇನೆ, ಆಮೇಲೆ ಅವರು ಬಲ ಎನ್ನಲಿ, ಬಲೆ ಎನ್ನಲಿ. ಭಾನುವಾರ ನೀನೂ ಮೊದಲ ಬಸ್ಸಿಗೆ ಬಾ. ನೀನು ಕತ್ತರಿಸಿ ಬಿಸಾಡಿದ್ದು ನಾಲ್ಕೇ ಶಬ್ದ, ತೃಷಾ. ‘ನೀರ್ ಬೆಚ್ಚ ಆಂಡ್, ಬಲ.’ ಅದರ ಕೆಳಗೆ ಅರ್ಥ ಬರೆಯುವ ಅಗತ್ಯವೂ ಇರಲಿಲ್ಲ.